ಪರಸಿ ಮ್ಯಾಲ ಗಾಡಿ ಇಟ್ಟು ಕೆಳಗ ಹೋಗಬ್ಯಾಡ

ಯಾದಗಿರಿ

ಚಿರಂಜೀವಿ ಅಳಿಯನಿಗೆ ಮಾಮಾ ಮಾಡುವ ಆಶೀರ್ವಾದ.

ನಿನ್ನ ಪತ್ರ ನಿನ್ನೆ ಸಂಜಿಗಿ ಮುಟ್ಟಿತು. ಎರಡು ಹಾಳಿ ತುಂಬ ಬರೀ ಗಾಡೀದೇ ಮಾತು. ಹಳೀ ಹೊಂಡಾ ಸಿಟಿ, 1.5 ಲೀಟರಿನ ವಿಟೆಕ್ ಎಂಜಿನ್, ಓಡಿದ್ದು 2 ಲಕ್ಷ 30 ಸಾವಿರ ಕಿಲೋಮೀಟರ್. ನಮ್ಮ ಕಡಿ ಸ್ಪೋರ್ಟ್ಸ್ ಕಾರಿನ ಆಸಿ ಇದ್ದು, ಕೈಯಾಗಿನ ರೊಕ್ಕ ಕಡಿಮಿ ಇದ್ದವರು ಹುಡುಕಿಕೊಂಡು ಹೋಗೋ ಗಾಡಿ ಅದು. ಮನ್ಯಾಗೇ ಬಿಚ್ಚಿ ಮತ್ತ ಹೊಸದರಂಗ ಮಾಡ್ತೀನಿ ಅಂತ ನೀ ಬರದದ್ದು ಓದಿ ಖುಷಿ ಪಟ್ಟೆ. ಕಡೀಗಿ ಈ ಸಾಲು ಬಂತು: "ಹಗಲೊತ್ತು ಶೆಡ್ಡಿನಾಗ ನಿಲ್ಲಲಾಕ ಆಗಲ್ಲ, ಅದಕ್ಕ ಎಲ್ಲರೂ ಮಲಗಿದ ಮ್ಯಾಲ ಜಾಕ್ ಹಚ್ಚಿ, ಪರಸಿ ಒಟ್ಟಿ, ಅದರ ಮ್ಯಾಲ ಗಾಡಿ ಕೂಡಿಸಿ ಕೆಳಗ ಹೋಗ್ತೀನಿ. ಅವ್ವಗ ಹೇಳಬ್ಯಾಡ."

ಅಕ್ಕಗ ಹೇಳಿಲ್ಲ. ಆದ್ರ ನನಗ ರಾತ್ರಿ ನಿದ್ದಿ ಹತ್ತಲಿಲ್ಲ. ನೀ ಕೇಳಿದ್ದು ಟೈಮಿಂಗ್ ಬೆಲ್ಟಿನ ಬಗ್ಗೆ, ವಾಲ್ವಿನ ಸಪ್ಪಳದ ಬಗ್ಗೆ. ಅದನ್ನೂ ಹೇಳ್ತೀನಿ, ಮೊದಲು ಇದನ್ನ ಕೇಳು.

ಆ ಕಲ್ಲು ನನಗ ಗೊತ್ತದ. ಶಹಾಬಾದ್ ಪರಸಿ ಅಂದ್ರ ನೆಲಕ್ಕ ಹಾಸೋ ಸುಣ್ಣದ ಕಲ್ಲಿನ ಚಪ್ಪಡಿ, ಭೂಮಿಯೊಳಗ ಪದರ ಪದರಾಗಿ ಕುಂತದ್ದು. ಖಣಿಯಾಗ ಅದನ್ನ ಸುತ್ತಿಗಿಲೆ ಒಡೆದು ತೆಗೆಯೋದಿಲ್ಲ, ಅಂಚಿಗಿ ಉಳಿ ಇಟ್ಟು ಸಣ್ಣಗ ಬಡಿದು ಪದರ ಎಬ್ಬಿಸ್ತಾರ. ಅಂಥ ಕಲ್ಲು ನಿನ್ನ ಗಾಡಿ ಭಾರಕ್ಕ ಒಮ್ಮೆಲೇ ಒಡೀಬಹುದು. ನೆಲಕ್ಕ ಹಾಸಿದ್ರ ನೂರು ವರ್ಷ ಬಾಳ್ತದ, ಯಾಕಂದ್ರ ಕೆಳಗ ಪೂರ್ತಿ ಆಧಾರ ಇರ್ತದ, ಭಾರ ಹರಡಿರ್ತದ. ಗಾಡಿ ಬಾಗಿಲ ಕೆಳಗಿನ ಪಟ್ಟಿ ಮಾತ್ರ ಎರಡು ಬೆರಳಿನಷ್ಟು ಅಗಲದಾಗ ಕಲ್ಲಿನ ಮ್ಯಾಲ ಕೂಡ್ತದ. ಒಂದು ಟನ್ನಿನ ಗಾಡಿ, ಮುಂದ ಎಂಜಿನ್ ಇರೋದರಿಂದ ಅರ್ಧಕ್ಕಿಂತ ಹೆಚ್ಚು ಭಾರ ಆ ಎರಡು ಬೆರಳಿನ ಜಾಗದ ಮ್ಯಾಲೇ. ಮುರಿಯೋ ಮೊದಲು ಪರಸಿ ಬಾಗೋದಿಲ್ಲ, ಸಪ್ಪಳ ಮಾಡೋದಿಲ್ಲ. ಕಟ್ಟಿಗಿ ಆದ್ರ ಚರಚರ ಅಂತದ, ನಿನಗ ಒಂದು ಕ್ಷಣ ಸಿಗ್ತದ. ಕಲ್ಲು ಅದನ್ನೂ ಕೊಡೋದಿಲ್ಲ. ಮ್ಯಾಲ ನೀ ಏಳೆಂಟು ಪರಸಿ ಒಂದರ ಮ್ಯಾಲ ಒಂದು ಒಟ್ಟೀಯಂತ. ನಡುವ ಪುಡಿ ಇರ್ತದ, ಪಾನಾ ಜಗ್ಗಿದಾಗೊಮ್ಮೆ ಕೂದಲೆಳಿಯಷ್ಟು ಜರೀತಾವ. ಕಣ್ಣಿಗಿ ಕಾಣೋದಿಲ್ಲ. ಸಿಮೆಂಟಿನ ಟೊಳ್ಳು ಬ್ಲಾಕ್ ಇಟ್ಟೇನಂದ್ರ ಅದೂ ಬ್ಯಾಡ, ಅದು ಪುಡಿಪುಡಿ ಆಗಿ ಕುಸೀತದ.

ನಾ ಶಹಾಬಾದದಾಗ ಗ್ಯಾರೇಜ್ ನಡೆಸುವಾಗ ಒಬ್ಬ ಹುಡುಗ ಕೆಲಸ ಕಲೀಲಾಕ ಇದ್ದ, ವಯಸ್ಸು ನಿನ್ನಷ್ಟೇ. ನಮ್ಮ ಜಾಕ್ ಎಣ್ಣಿ ಸೋರ್ತಿತ್ತು. ನನಗ ಗೊತ್ತಿತ್ತು. ಹೊಸ ಸೀಲ್ ಹಾಕಿಸಬೇಕು, ಈ ವಾರ, ಮುಂದಿನ ವಾರ ಅಂತ ದಿನ ದೂಡಿದೆ. ಅವನ ಭುಜದ ಎಲುಬು ಮುರೀತು. ಬಿಚ್ಚಿದ ಗಾಲಿ ಯಾಕೋ ಏನೋ ಅವತ್ತು ಗಾಡಿ ಕೆಳಗೇ ಬಿದ್ದಿತ್ತು, ಅದರ ಮ್ಯಾಲ ಗಾಡಿ ನಿಂತಿತು, ಇಲ್ಲಂದ್ರ ಎದಿ ಉಳೀತಿರಲಿಲ್ಲ. ಅವನ ಅಪ್ಪಗ ನಾ ಗಾಡಿ ಜಾರಿತು ಅಂತ ಹೇಳಿದೆ. ಜಾಕ್ ಸೋರ್ತಿತ್ತು ಅಂತ ಹೇಳಲಿಲ್ಲ. ಇವತ್ತಿನ ತನಕ ಯಾರಿಗೂ ಹೇಳಿಲ್ಲ, ನಿನಗ ಬರೀಲಾಕತ್ತೀನಿ.

ಜಾಕ್ ಅನ್ನೋದು ಎತ್ತಲಾಕ, ಹಿಡಿಯಲಾಕ ಅಲ್ಲ. ಒಳಗ ಒಂದು ರಬ್ಬರ್ ಸೀಲ್, ಅದರ ಹಿಂದ ಎಣ್ಣಿ. ಭಾರ ಹೊತ್ತಿರೋದು ಅಷ್ಟೇ. ಕಲಬುರಗಿ ಬ್ಯಾಸಿಗ್ಯಾಗ ಪತ್ರಾಸಿನ ಶೆಡ್ಡಿನೊಳಗ ಆ ರಬ್ಬರ್ ಎಷ್ಟು ದಿನ ತಡೀತದ ಹೇಳು. ಎತ್ತಿದ ಮ್ಯಾಲ ಭಾರ ಸ್ಟ್ಯಾಂಡಿನ ಮ್ಯಾಲ, ಅಂದ್ರ ಗಾಡಿ ಹೊರಲಾಕಂತಲೇ ಮಾಡಿದ ಕಬ್ಬಿಣದ ಕಾಲಿನ ಮ್ಯಾಲ ಇಳೀಬೇಕು. ಮೂರು ಟನ್ನಿನ ಜೋಡಿ ಸ್ಟ್ಯಾಂಡ್ ಸಾಕು, ಪಿನ್ ಹಾಕೋದು ಇದ್ರ ಚಲೋ. ಬಾಗಿಲ ಕೆಳಗಿನ ಪಟ್ಟಿಯಾಗ ಮುಂದಿನ ಗಾಲಿ ಹಿಂದಿನ ಕಡಿ, ಹಿಂದಿನ ಗಾಲಿ ಮುಂದಿನ ಕಡಿ ಒಂದೊಂದು ಕಡೆ ದಪ್ಪ ಮಾಡಿ ಗುರುತು ಕೊಯ್ದಿರ್ತಾರ, ಅಲ್ಲೇ ಕೂಡಿಸು. ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ನೋಡು. ಠಣ್ ಅಂದ್ರ ಗಟ್ಟಿ, ಧಪ್ ಅಂದ್ರ ಒಳಗ ತುಕ್ಕು ತಿಂದದ, ಅಲ್ಲಿ ಭಾರ ಕೊಡಬ್ಯಾಡ.

ನಿಮ್ಮ ಶೆಡ್ಡಿನ ನೆಲದ್ದೂ ಚಿಂತಿ ಅದ. ಅಲ್ಲಿ ಎರಿ ಮಣ್ಣು. ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಬಿರೀತದ. ಮ್ಯಾಲ ಗರಸು ಹಾಕಿ ಪರಸಿ ಹಾಸಿದ್ರೂ ಅಲ್ಲಲ್ಲಿ ಕೆಳಗ ಪೊಳ್ಳು ಉಳೀತದ. ಸ್ಟ್ಯಾಂಡ್ ಇಡೋ ನಾಲ್ಕೂ ಜಾಗ ಪಾನಾಲೆ ಕುಟ್ಟಿ ಕೇಳು. ಪೊಳ್ಳು ಸಪ್ಪಳ ಬಂದ ಕಡಿ ಇಡಬ್ಯಾಡ. ಉಳಿದ ಕಡೀಗೂ ಸ್ಟ್ಯಾಂಡಿನ ಕಾಲ ಕೆಳಗ 12 ಮಿಲಿಮೀಟರಿನ ಕಬ್ಬಿಣದ ಪ್ಲೇಟ್ ಹಾಕು, ಒಂದೊಂದು ಚದರ ಫೂಟಿನಷ್ಟು. ವೆಲ್ಡಿಂಗ್ ಅಂಗಡ್ಯಾಗ ತುಂಡು ಸಿಗ್ತಾವ.

ಇನ್ನೊಂದು. ಮುಂದಿನ ಎರಡೂ ಗಾಲಿ ಎತ್ತಿದ್ರ ಗೇರಿನಾಗ ಇಟ್ಟದ್ದು ಉಪಯೋಗಿಲ್ಲ, ಯಾಕಂದ್ರ ಗೇರ್ ಹಿಡಿಯೋದು ಮುಂದಿನ ಗಾಲಿಗಿ, ಅವು ಗಾಳಿಯಾಗ ಇರ್ತಾವ. ಅವಾಗ ಹ್ಯಾಂಡ್‌ಬ್ರೇಕೇ ಗತಿ, ಅದು ಹಿಂದಿನ ಗಾಲಿಗಿ. ಹಿಂದಿನವು ಎತ್ತಿದ್ರ ಇದರ ಉಲ್ಟಾ, ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂಗ, ಒಂದನೇ ಗೇರಿನಾಗ ಇಡು. ಎರಡೂ ಹೊತ್ತಿಗಿ ನೆಲದ ಮ್ಯಾಲ ಉಳಿದ ಗಾಲಿಗಳಿಗೆ ಮುಂದ ಹಿಂದ ಕಟ್ಟಿಗಿ ತುಂಡು ಹಚ್ಚು. ಆಮ್ಯಾಲ ಸೊಂಟ ಹಚ್ಚಿ ಗಾಡಿ ಜೋರಾಗಿ ಅಲುಗಿಸು. ಬೀಳೋದಿದ್ರ ನೀ ಹೊರಗ ಇದ್ದಾಗ ಬೀಳಲಿ. ಬಿಚ್ಚಿದ ಗಾಲಿ ಎರಡೂ ಪಟ್ಟಿ ಕೆಳಗ ಮಲಗಿಸು.

ಸಿಟ್ಟಿಗೇಳಬ್ಯಾಡ. ನೀ ಸಣ್ಣ ಹುಡುಗ ಅಲ್ಲ ಅಂತ ಗೊತ್ತದ.

ನೀ ಕೆಳಗ ಹೋಗೋದು ಯಾಕ ಅಂತ ಪತ್ರದಾಗ ನೀ ಬರದ ಕೆಲಸದ ಯಾದಿ ತಿರುಗಿ ಓದಿದೆ. ಅರ್ಧಕ್ಕರ್ಧ ಕೆಲಸಕ್ಕ ಕೆಳಗ ಹೋಗೋ ಅವಶ್ಯಕತಿನೇ ಇಲ್ಲ. ಟೈಮಿಂಗ್ ಬೆಲ್ಟ್ ಮ್ಯಾಲಿಂದ ಮತ್ತ ಎಡಗಾಲಿ ಕಮಾನಿನಿಂದ ಆಗ್ತದ. ವಾಲ್ವ್, ಡಿಸ್ಟ್ರಿಬ್ಯೂಟರ್, ಪ್ಲಗ್ ಎಲ್ಲಾ ಬಾನೆಟ್ ತೆಗೆದು ನಿಂತೇ ಮಾಡೋದು. ಕೆಳಗ ಹೋಗಬೇಕಾಗಿದ್ದು ಎಂಜಿನ್ ಎಣ್ಣಿ, ಅದರ ಫಿಲ್ಟರ್, ಗೇರ್ ಎಣ್ಣಿ, ಸಂಪಿನ ಗ್ಯಾಸ್ಕೆಟ್, ಸೈಲೆನ್ಸರ್. ಅವನ್ನೆಲ್ಲಾ ಕೂಡಿಸಿ ಒಂದೇ ಮುಂಜಾನಿ ಮಾಡು, ಮನ್ಯಾಗ ಯಾರರೆ ಎಚ್ಚರ ಇದ್ದಾಗ. ತಿಂಗಳಿಗಿ ಒಮ್ಮೆ ಕೆಳಗ ಹೋಗೋದು ಬ್ಯಾರೆ, ದಿನಾ ರಾತ್ರಿ ಹೋಗೋದು ಬ್ಯಾರೆ.

ಬೆಲ್ಟಿನ ಮಾತಿಗಿ ಬರ್ತೀನಿ. ಕೆಳಗಿನ ಕ್ರ್ಯಾಂಕ್ ಪಿಸ್ಟನ್ ಆಡಸ್ತದ, ಮ್ಯಾಲಿನ ಕ್ಯಾಮ್ ವಾಲ್ವ್ ತೆರೀತದ, ಎರಡಕ್ಕೂ ತಾಳ ಹೊಂದಿಸೋದೇ ಟೈಮಿಂಗ್ ಬೆಲ್ಟ್. ಹಳೀ ಮಾಲಕ ಯಾವಾಗ ಹಾಕಿಸ್ಯಾನ ಅನ್ನೋದಕ್ಕ ಬಿಲ್ ಇಲ್ಲಂದ್ರ, ಹಾಕಿಸಿಲ್ಲ ಅಂತಲೇ ತಿಳಿ. ಆ ಎಂಜಿನ್ನಿನಾಗ ಬೆಲ್ಟ್ ಹರದ್ರ ಪಿಸ್ಟನ್ ಬಂದು ವಾಲ್ವಿಗಿ ಬಡೀತದ, ಹೆಡ್, ಅಂದ್ರ ಎಂಜಿನ್ನಿನ ಮ್ಯಾಲಿನ ಭಾಗ ಬಿಚ್ಚಬೇಕಾಗ್ತದ. ಬೆಲ್ಟ್, ಅದನ್ನ ಬಿಗಿ ಹಿಡಿಯೋ ಟೆನ್ಷನರ್, ವಾಟರ್ ಪಂಪ್ ಮೂರೂ ಒಮ್ಮೇ ಹಾಕು, ಪಂಪ್ ತಿರುಗಿಸೋದು ಅದೇ ಬೆಲ್ಟ್. ಕ್ರ್ಯಾಂಕ್ ಮತ್ತ ಕ್ಯಾಮಿನ ಸೀಲ್ ಎಣ್ಣಿ ಜಿನುಗಲಾಕತ್ತಿದ್ರ ಅವೂ ಈಗಲೇ, ಎಣ್ಣಿ ತಾಗಿದ ಬೆಲ್ಟ್ ಬಾಳೋದಿಲ್ಲ. ಆ ಹೊಂಡಾ ಎಂಜಿನ್ ಉಳಿದವರ ಗಾಡಿಗಳಂಗ ಅಲ್ಲ, ಪುಲ್ಲಿ ಕಡಿಯಿಂದ ನೋಡಿದ್ರ ಎಡಕ್ಕ, ಅಂದ್ರ ಗಡಿಯಾರದ ಮುಳ್ಳಿನ ಉಲ್ಟಾ ತಿರುಗ್ತದ. ಕೈಲೆ ತಿರುಗಿಸುವಾಗ ಯಾವತ್ತೂ ಎಡಕ್ಕೇ ತಿರುಗಿಸು. ಮೊದಲನೇ ಸಿಲಿಂಡರಿನ ಪಿಸ್ಟನ್ ಪೂರ್ತಿ ಮ್ಯಾಲ ಬಂದಾಗ ಕ್ಯಾಮ್ ಪುಲ್ಲಿ ಮ್ಯಾಲಿನ 'ಅಪ್' ಅನ್ನೋ ಅಕ್ಷರ ನೆಟ್ಟಗ ಮ್ಯಾಲಕ್ಕ ಇರಬೇಕು. ಬೆಲ್ಟ್ ಹಾಕಿ ಐದಾರು ಸುತ್ತು ಕೈಲೆ ತಿರುಗಿಸಿ ಬೆಲ್ಟ್ ಕೂಡಿಸಿದ ಮ್ಯಾಲ, ಟೆನ್ಷನರ್ ಬೋಲ್ಟ್ ಸಡಿಲ ಮಾಡಿ, ಕ್ಯಾಮ್ ಪುಲ್ಲಿ ಮೂರು ಹಲ್ಲು ಮುಂದ ಹೋಗೋವಷ್ಟು ಕ್ರ್ಯಾಂಕ್ ಎಡಕ್ಕ ತಿರುಗಿಸಿ, ಅಲ್ಲೇ ಬೋಲ್ಟ್ ಬಿಗಿ ಮಾಡು. ಮತ್ತ ಗುರುತು ನೋಡು. ಒಂದು ಹಲ್ಲು ತಪ್ಪಿದ್ರೂ ತೆಗೆದು ಮತ್ತ ಹಾಕು. "ನಡೀತದ" ಅನ್ನಬ್ಯಾಡ.

ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಹೆಸರು ತೆಗೆದ ಕೂಡಲೇ ಮತ್ತ ಅದೇ ಚಿಂತಿ. ಅದು ಭಾಳ ಬಿಗಿ. ಎಂಜಿನ್ ಓಡೋ ದಿಕ್ಕು ಅಂಥಾದ್ದು ಅಂತ ಸ್ಟಾರ್ಟರ್ ಹೊಡೆದು ಸಡಿಲ ಮಾಡೋ ಉಪಾಯ ಇಲ್ಲಿ ನಡಿಯೋದಿಲ್ಲ. ನಾಲ್ಕು ಫೂಟಿನ ಪೈಪ್ ಹಾಕಿ ಮೈಭಾರ ಬಿಟ್ಟು ಜಗ್ಗಬೇಕಾಗ್ತದ, ಜಗ್ಗುವಾಗ ಇಡೀ ಗಾಡಿ ತೂಗಾಡ್ತದ. ಪರಸಿ ಮ್ಯಾಲ ಇಟ್ಟು ಅದನ್ನ ಮಾಡಿದೀಯೇನು? ಮಾಡಿದ್ರ ನನಗ ಹೇಳಬ್ಯಾಡ, ಮತ್ತ ಮಾತ್ರ ಮಾಡಬ್ಯಾಡ. ಟೈರ್ ಅಂಗಡಿಯವನ ಹತ್ತಿರ ಗಾಳಿ ಗನ್ ಇರ್ತದ. ಬೆಲ್ಟ್ ಹಾಕೋ ಹಿಂದಿನ ದಿನ ಗಾಡಿ ಅವನಲ್ಲಿಗಿ ಒಯ್ದು ಆ ಬೋಲ್ಟ್ ಒಮ್ಮೆ ಬಿಡಿಸಿ, ಅಲ್ಲೇ ಮತ್ತ ಗಟ್ಟಿ ಬಿಗಿ ಮಾಡಿಸಿಕೊಂಡು ಬಾ. ನೂರಿನ್ನೂರು ರೂಪಾಯಿ ಕೊಡು. ಗಾಲಿ ನಟ್ಟು, ಆಕ್ಸಲ್ ನಟ್ಟು ಸಹಿತ ಗಾಲಿ ನೆಲಕ್ಕ ಇದ್ದಾಗಲೇ ಬಿಡಿಸು, ಎತ್ತಿದ ಮ್ಯಾಲ ಜಗ್ಗಬ್ಯಾಡ.

ವಾಲ್ವ್ ಟಿಕ್ ಟಿಕ್ ಅಂತದ ಅಂದಿ. ಅದು ಸಣ್ಣ ಕೆಲಸ, ಆದ್ರ ನಮ್ಮೂರಾಗ ಒಂದು ತೊಡಕದ. ಹೆಡ್ ಉಷ್ಣ 38 ಡಿಗ್ರಿಗಿಂತ ಕಡಿಮಿ ಇದ್ದಾಗ ಅಳೀಬೇಕಂತ ಹೊಂಡಾ ಪುಸ್ತಕದಾಗ ಅದ. ಮೇ ತಿಂಗಳಾಗ ನಿಮ್ಮ ಶೆಡ್ಡೇ 42, 43 ಇರ್ತದ, ಸಂಜಿ ತನಕ ಎಂಜಿನ್ ಮುಟ್ಟದಿದ್ರೂ ತಣ್ಣಗ ಆಗೋದಿಲ್ಲ. ಹಿಂದಿನ ದಿನ ಗಾಡಿ ಚಾಲೂನೇ ಮಾಡಬ್ಯಾಡ, ನಸುಕಿನಾಗ ಐದಕ್ಕ ಎದ್ದು ಅಳಿ. ಆ ಜಾತಿ ಎಂಜಿನ್ನಿಗಿ ಇನ್‌ಟೇಕ್ 0.18ರಿಂದ 0.22, ಎಕ್ಸಾಸ್ಟ್ 0.23ರಿಂದ 0.27 ಮಿಲಿಮೀಟರ್. ನಿನ್ನ ಗಾಡಿ ಪುಸ್ತಕದಾಗ ತಾಳೆ ನೋಡು. ಬಿಗಿ ಇಟ್ಟು ಸಪ್ಪಳ ನಿಲ್ಲಿಸೋದಕ್ಕಿಂತ ಒಂದು ಕೂದಲೆಳಿ ಸಡಿಲ ಇರೋದು ವಾಸಿ, ಬಿಗಿ ಆದ ಎಕ್ಸಾಸ್ಟ್ ವಾಲ್ವ್ ಸುಡ್ತದ.

ನಸುಕು ಅಂದೆ ನೋಡು. ಬಿಸಿಲು ತಪ್ಪಿಸಲಾಕ ನಿನಗ ರಾತ್ರಿ ಬೇಕಾಗಿಲ್ಲ. ಐದರಿಂದ ಎಂಟು, ಮೂರು ತಾಸು ಸಿಗ್ತಾವ. ಅಕ್ಕ ಅಂಗಳ ಕಸ ಹೊಡೀತಿರ್ತಾಳ. ಒಂದು ಕೂಗು ಹಾಕಿದ್ರ ಕೇಳ್ತದ.

ರೊಕ್ಕ ಹಾಕೋ ಮೊದಲು ಕಂಪ್ರೆಷನ್, ಅಂದ್ರ ಸಿಲಿಂಡರ್ ಒಳಗಿನ ಒತ್ತಡ, ನೋಡಿದೀಯೋ ಇಲ್ಲೋ ಬರದಿಲ್ಲ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಡಿಸ್ಟ್ರಿಬ್ಯೂಟರ್ ಮತ್ತ ಇಂಜೆಕ್ಟರ್ ಕನೆಕ್ಟರ್ ಬಿಡಿಸಿ, ಎಕ್ಸಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡಿ. ಒತ್ತಡ 9.3 ಬಾರ್‌ಗಿಂತ ಕೆಳಗ ಯಾವುದೂ ಬರಬಾರದು, ಒಂದಕ್ಕೊಂದು 2 ಬಾರ್‌ಗಿಂತ ಹೆಚ್ಚು ಫರಕು ಇರಬಾರದು. ಕಡಿಮಿ ಬಂದದ್ದರಾಗ ಒಂದು ಚಮಚ ಎಣ್ಣಿ ಹಾಕಿ ಮತ್ತ ನೋಡು. ಏರಿದ್ರ ಪಿಸ್ಟನ್ ಸುತ್ತಿನ ರಿಂಗ್ ಸವದಾವ, ಏರದಿದ್ರ ವಾಲ್ವ್. ರಿಂಗ್ ಹೋಗಿದ್ರ ಬಣ್ಣಕ್ಕ ರೊಕ್ಕ ಈಗ ಹಾಕಬ್ಯಾಡ.

ಮಧ್ಯಾಹ್ನ ಬಿಸಿಲಾಗ ನಿಲ್ಲಿಸಿದ್ರ ಚಾಲೂ ಆಗಲ್ಲ, ಸಂಜಿಗಿ ತಾನೇ ಆಗ್ತದ ಅಂತ ಬರದೀಯಲ್ಲ, ಪೆಟ್ರೋಲ್ ಪಂಪ್ ತರೋಕ್ಕಿಂತ ಮೊದಲು ಡ್ಯಾಶ್‌ಬೋರ್ಡ್ ಕೆಳಗಿನ ಮೇನ್ ರಿಲೇ, ಅಂದ್ರ ಆ ಪಂಪಿಗಿ ಕರೆಂಟ್ ಕೊಡೋ ಸ್ವಿಚ್ಚಿನ ಡಬ್ಬಿ, ತೆಗೆದು ನೋಡು. ಆ ಕಾಲದ ಹೊಂಡಾಗಳಾಗ ಅದರ ಬೆಸುಗಿ ಶೆಕೆಗಿ ಬಿರೀತದ. ಭೂತಗನ್ನಡಿ ಹಿಡಿದ್ರ ಪಿನ್ನಿನ ಸುತ್ತ ಉಂಗುರದಂಗ ಸಣ್ಣ ಬಿರುಕು ಕಾಣ್ತದ. ರೇಡಿಯೋ ರಿಪೇರಿಯವನ ಹತ್ತಿರ ಮತ್ತ ಬೆಸುಗಿ ಹಾಕಿಸು. ಮೊಟ್ಟಮೊದಲು ಬ್ಯಾಟರಿ ಮೈನಸ್ ಬಿಚ್ಚು.

ನಮ್ಮ ಕಡಿ ಹವಾ ಒಣದು, ಹಿಂಗಾಗಿ ತುಕ್ಕಿನ ಕಾಟ ಕಡಿಮಿ. ರಬ್ಬರ್ ಮಾತ್ರ ಸಾಯ್ತದ. ಎಂಜಿನ್ ಮೌಂಟ್, ಆಕ್ಸಲ್ ಬೂಟ್, ನೀರಿನ ಪೈಪ್, ಗಾಲಿ ಹಿಡಿದಿರೋ ತೋಳಿನ ರಬ್ಬರ್ ಬುಶ್ ಎಲ್ಲಾ ಒಂದೇ ಸಲ ಬರದುಕೊಂಡು ಹೈದರಾಬಾದಿಗಿ ಹೋಗಿ ತಗೊಂಡು ಬಾ, ಬೆಂಗಳೂರಕ್ಕಿಂತ ಹತ್ತಿರ. ಬುಶ್ ಹಾಕಿದ ಮ್ಯಾಲ ಅದರ ಬೋಲ್ಟ್ ಗಾಡಿ ಎತ್ತಿದಾಗ ಬಿಗಿ ಮಾಡಬ್ಯಾಡ. ತೋಳು ಜೋತು ಬಿದ್ದಾಗ ಬಿಗಿ ಮಾಡಿದ್ರ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುವಿ ಕೂಡ್ತದ, ಆರು ತಿಂಗಳಾಗ ಹರೀತದ. ಭಾರ ಗಾಲಿ ಮ್ಯಾಲ ಇರುವಾಗ ಬಿಗಿ ಮಾಡಬೇಕು. ಅದಕ್ಕ ಕೆಳಗ ತೂರಬ್ಯಾಡ, ಬುಶ್ ಬಿಗಿ ಮಾಡೋ ದಿನ ಗುಂಡಿ ಇರೋ ಗ್ಯಾರೇಜಿಗಿ ಒಯ್ಯಿ. ಸ್ಪ್ರಿಂಗ್ ಬಿಚ್ಚೋದೂ ಅಲ್ಲೇ. ಇವೆರಡೂ ಮನಿ ಕೆಲಸ ಅಲ್ಲ.

ಗ್ಯಾರೇಜ್ ಮುಚ್ಚಿದ ಮ್ಯಾಲ ನನ್ನ ಸಾಮಾನು ಬಹಳಷ್ಟು ಮಾರಿದೆ. ಆ ಹುಡುಗಗ ಪೆಟ್ಟಾದ ಮ್ಯಾಲ ತಗೊಂಡ ಸ್ಟ್ಯಾಂಡ್ ಮಾತ್ರ ಮಾರಲಿಲ್ಲ. ಅವೇ ನಾಲ್ಕು ಶುಕ್ರವಾರದ ಬಸ್ಸಿನಾಗ ಚೀಲಕ್ಕ ಕಟ್ಟಿ ಕಳಿಸ್ತೀನಿ, ಬಸ್‌ಸ್ಟ್ಯಾಂಡಿಗಿ ಬಂದು ಇಳಿಸಿಕೋ, ಭಾರ ಅದಾವ. ಅವು ಬರೋ ತನಕ ಗಾಲಿ ಹಾಕಿ ಗಾಡಿ ನೆಲಕ್ಕ ಇಳಿಸಿಡು. ಇಳಿಸುವಾಗಲೂ ಕೈ ಒಳಗ ಹಾಕಬ್ಯಾಡ, ಪರಸಿನ ಕೋಲಿನಿಂದ ಹೊರಗ ನೂಕು. ಇಳಿಸಿದ ಮ್ಯಾಲ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಎತ್ತತೀನಿ. ಪಿನ್ ನಾಲ್ಕೂ ಸಣ್ಣ ಚೀಲದಾಗ ಬ್ಯಾರೆ ಕಟ್ಟೀನಿ. ಎಣಿಸಿಕೋ.

ನಿನ್ನ ಮಾಮಾ