ಹೊರದೇಶದಲ್ಲಿ ಓದಿದ ಸೆಮಿಸ್ಟರ್ ಊರಿನಲ್ಲಿ ಲೆಕ್ಕಕ್ಕೆ ಬರಲಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ವಿನಿಮಯ ವಿದ್ಯಾರ್ಥಿಗಳಾಗಿ ಹೊರದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಬರುವವರ ಕ್ರೆಡಿಟ್‌ಗಳನ್ನು (ಓದಿದ ಪ್ರಮಾಣದ ಎಣಿಕೆ) ರಾಜ್ಯದ ವಿಶ್ವವಿದ್ಯಾಲಯಗಳು ಮಾನ್ಯ ಮಾಡುವ ಕುರಿತು.

ಮಾನ್ಯರೇ,

ನಾನು ಸಕಲೇಶಪುರ ತಾಲ್ಲೂಕಿನವಳು, ಹಾಸನದ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಪರಿಸರ ವಿಜ್ಞಾನ ಕಲಿಸುವ ಅತಿಥಿ ಉಪನ್ಯಾಸಕಿ. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಆಲೂರು ಕಡೆಯ ಹಳ್ಳಿಯ ಹುಡುಗಿ, ಈಗ ಬೇರೆ ಜಿಲ್ಲೆಯಲ್ಲಿ ಎಂ.ಎಸ್ಸಿ ಓದುತ್ತಿದ್ದಾಳೆ. ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಲು ಆಯ್ಕೆಯಾದ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ತಂದಿದ್ದಳು. ಎರಡು ವಾರದ ನಂತರ ಫೋನ್ ಮಾಡಿ, ಹೋಗುವುದಿಲ್ಲವೆಂದು ಬರೆದುಕೊಟ್ಟು ಬಂದೆ ಎಂದಳು. ಹಣದ ಚಿಂತೆ ಇತ್ತು, ಆದರೆ ಅವಳನ್ನು ನಿಲ್ಲಿಸಿದ್ದು ಅದಲ್ಲ. ಹೋಗಿ ಬರಲು ಅಡ್ಡಿಯಿಲ್ಲ, ಬಂದ ಮೇಲೆ ಆ ಸೆಮಿಸ್ಟರಿನ ಪರೀಕ್ಷೆಗಳನ್ನೆಲ್ಲ ಕಿರಿಯರ ಜೊತೆ ಕುಳಿತು ಬರೆಯಬೇಕಾಗುತ್ತದೆ ಎಂದು ಅವಳಿಗೆ ತಿಳಿಸಲಾಗಿತ್ತು. “ಮೇಡಂ, ನಿಮಗೂ ಹಾಗೇ ಆಗಿತ್ತಲ್ವಾ?” ಎಂದು ಅವಳು ಕೇಳಿದಾಗ, ಇಲ್ಲವೆನ್ನಲು ನನ್ನಿಂದ ಆಗಲಿಲ್ಲ. ಈ ಪತ್ರವನ್ನು ನಾನು ಬರೆಯುತ್ತಿರುವುದು ಅವಳ ಆ ಪ್ರಶ್ನೆಯಿಂದಾಗಿ.

2022ರ ಅಕ್ಟೋಬರ್‌ನಿಂದ 2023ರ ಫೆಬ್ರವರಿ ಕೊನೆಯವರೆಗೆ, ಎಂ.ಎಸ್ಸಿ ಮೂರನೆಯ ಸೆಮಿಸ್ಟರಿನಲ್ಲಿ, ನಾನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ವಿನಿಮಯ ವಿದ್ಯಾರ್ಥಿನಿಯಾಗಿದ್ದೆ. ವಿನಿಮಯವೆಂದರೆ ಶುಲ್ಕವನ್ನು ನಮ್ಮ ವಿಶ್ವವಿದ್ಯಾಲಯಕ್ಕೇ ಕಟ್ಟಿ, ಪಾಠವನ್ನು ಅಲ್ಲಿ ಕೇಳುವುದು. ಟ್ಯೂಬಿಂಗನ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯವು ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ 2017ರಿಂದ ಸೆಮಿಸ್ಟರಿಗೆ 1500 ಯೂರೊ ಶುಲ್ಕ ಪಡೆಯುತ್ತಿದ್ದರೂ, ವಿನಿಮಯ ವಿದ್ಯಾರ್ಥಿಗಳಿಗೆ ಅದರಿಂದ ವಿನಾಯಿತಿ ಇದೆ. ಎರಡೂವರೆ ಎಕರೆ ರೋಬಸ್ಟ ಕಾಫಿ ತೋಟದ ಆದಾಯದಲ್ಲಿ ಬದುಕುವ ಮನೆಯಿಂದ ಹೊರಟವಳಿಗೆ ಹೊರದೇಶದ ಓದು ಕೈಗೆಟಕಿದ್ದು ಈ ಒಂದು ಏರ್ಪಾಟಿನಿಂದ.

ಅಲ್ಲಿ ಕಲಿತದ್ದರಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಟ್ಯೂಬಿಂಗನ್ನಿನ ಪಕ್ಕದಲ್ಲಿಯೇ ಶ್ಯೋನ್‌ಬುಕ್ ಎಂಬ ದೊಡ್ಡ ಕಾಡಿದೆ. ನವೆಂಬರಿನ ಒಂದು ಬೆಳಿಗ್ಗೆ ನಮ್ಮ ಪ್ರಾಧ್ಯಾಪಕಿ ಅಲ್ಲಿಗೆ ಕರೆದೊಯ್ದು, ಎದೆಮಟ್ಟದ ಗುಂಡಿ ತೋಡಿಸಿ, ಮಣ್ಣಿನ ಪದರಗಳನ್ನು ಮೇಲಿನಿಂದ ಕೆಳಕ್ಕೆ ಓದುವುದನ್ನು ಕಲಿಸಿದರು. ಯಾವ ಯಂತ್ರವೂ ಇರಲಿಲ್ಲ. ಚಿಟಿಕೆ ಮಣ್ಣಿಗೆ ಎರಡು ಹನಿ ನೀರು ಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಹೊಸೆದು, ಅದರಲ್ಲಿ ಜೇಡಿ ಎಷ್ಟು, ಮರಳು ಎಷ್ಟು ಎಂದು ಹೇಳಬೇಕಿತ್ತು. ನಮ್ಮಪ್ಪ ಗೊಬ್ಬರ ಹಾಕುವ ಮೊದಲು ಕಾಫಿ ಗಿಡದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮಾಡುತ್ತಿದ್ದುದೂ ಇದನ್ನೇ. ಬಿ.ಎಸ್ಸಿಯಲ್ಲಿ ಮೂರು ವರ್ಷ ಮಣ್ಣಿನ ಪಾಠವನ್ನು ಪುಸ್ತಕದಿಂದ ಉರು ಹೊಡೆದವಳಿಗೆ, ಅಪ್ಪನ ಬೆರಳು ಮಾಡುತ್ತಿದ್ದ ಕೆಲಸವು ವಿಜ್ಞಾನದ ಒಂದು ಒಪ್ಪಿತ ವಿಧಾನವೆಂದು ತಿಳಿದದ್ದು ಆ ಗುಂಡಿಯೊಳಗೆ ನಿಂತಾಗ. ಈಗ ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳನ್ನು ಹಾಸನದ ಹೊರವಲಯದ ಹೊಲಗಳಿಗೆ ಕರೆದೊಯ್ದು ಇದನ್ನೇ ಮಾಡಿಸುತ್ತೇನೆ, ಪುಸ್ತಕದಲ್ಲಿ ಓದಿ ಬೇಸತ್ತ ಮಕ್ಕಳು ಕೈ ಕೆಸರು ಮಾಡಿಕೊಂಡು ಪ್ರಶ್ನೆ ಕೇಳತೊಡಗುತ್ತಾರೆ.

ಇನ್ನು ಹಿಂತಿರುಗಿ ಬಂದ ಮೇಲಿನ ಕಥೆ. ಹೊರಡುವ ಮೊದಲು ಕಲಿಕಾ ಒಪ್ಪಂದವೆಂಬ ಪತ್ರಕ್ಕೆ ನಾನು, ನಮ್ಮ ವಿಭಾಗ ಮತ್ತು ಟ್ಯೂಬಿಂಗನ್ನಿನವರು ಸಹಿ ಹಾಕಿದ್ದೆವು. ಅಲ್ಲಿ ಯಾವ ಐದು ವಿಷಯ ಓದುತ್ತೇನೆ, ಇಲ್ಲಿನ ಯಾವ ಪತ್ರಿಕೆಗಳ ಬದಲಿಗೆ ಅವನ್ನು ಪರಿಗಣಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಮಾರ್ಚ್ ಮೊದಲ ವಾರ ಅಲ್ಲಿನ ಅಂಕಪಟ್ಟಿ ಹಿಡಿದು ಪರೀಕ್ಷಾ ವಿಭಾಗಕ್ಕೆ ಹೋದೆ. ಮಣ್ಣು ವಿಜ್ಞಾನದ ಮುಂದೆ 1.7 ಎಂದಿತ್ತು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0ರವರೆಗೆ ತೇರ್ಗಡೆ, 5.0 ಅನುತ್ತೀರ್ಣ. ನಮ್ಮಲ್ಲಿ ಹತ್ತಕ್ಕೆ ಹತ್ತು ಬಂದರೆ ಅತ್ಯುತ್ತಮ. ಮೇಜಿನ ಆಚೆ ಕುಳಿತಿದ್ದವರು ಆ ಸಂಖ್ಯೆಯ ಕೆಳಗೆ ಬೆರಳಿಟ್ಟು, “ಇದರಲ್ಲಿ ಫೇಲ್ ಆಗಿದ್ದೀಯಲ್ಲಮ್ಮ” ಎಂದರು. ನಾನು ವಿವರಿಸಿದೆ, ಅಂಕಪಟ್ಟಿಯ ಹಿಂಬದಿಯಲ್ಲಿ ಮುದ್ರಿಸಿದ್ದ ವಿವರಣೆಯನ್ನೂ ತೋರಿಸಿದೆ. ಅವರು ಕೆಟ್ಟವರೇನಲ್ಲ, ಆದರೆ ಇಂಥ ಅಂಕಪಟ್ಟಿಯನ್ನು ಏನು ಮಾಡಬೇಕೆಂದು ತಿಳಿಸುವ ಒಂದು ಸುತ್ತೋಲೆಯೂ ಅವರ ಬಳಿ ಇರಲಿಲ್ಲ. ಕಡತ ವಿಭಾಗಕ್ಕೆ ಹೋಯಿತು, ಅಧ್ಯಯನ ಮಂಡಳಿಗೆ ಹೋಯಿತು, ಮತ್ತೆ ಪರೀಕ್ಷಾ ವಿಭಾಗಕ್ಕೆ ಬಂತು. ಏಳು ತಿಂಗಳ ನಂತರ “ನಿಯಮದಲ್ಲಿ ಅವಕಾಶವಿಲ್ಲ” ಎಂಬ ಒಂದು ಸಾಲಿನ ಹಿಂಬರಹ ಸಿಕ್ಕಿತು. ನಾಲ್ಕನೆಯ ಸೆಮಿಸ್ಟರನ್ನು ನನ್ನ ತರಗತಿಯವರೊಂದಿಗೆ ಮುಗಿಸಿದ್ದ ನಾನು, ಮೂರನೆಯ ಸೆಮಿಸ್ಟರಿನ ಐದು ಪತ್ರಿಕೆಗಳನ್ನು ಮರುವರ್ಷ ಕಿರಿಯರೊಂದಿಗೆ ಬರೆದೆ. ಅದರಲ್ಲಿ ಮಣ್ಣು ವಿಜ್ಞಾನವೂ ಇತ್ತು. ಪದವಿ ಒಂದು ವರ್ಷ ತಡವಾಯಿತು.

ಸಚಿವರೇ, ಇದು ಬಗೆಹರಿಯದ ಸಮಸ್ಯೆಯಲ್ಲ. ಯೂರೋಪಿನಲ್ಲಿ 1987ರಲ್ಲಿ ಎರಾಸ್ಮಸ್ ವಿನಿಮಯ ಕಾರ್ಯಕ್ರಮ ಆರಂಭವಾದಾಗ ಅಲ್ಲಿನ ದೇಶಗಳ ಮುಂದೆಯೂ ಇದೇ ತೊಡಕಿತ್ತು. ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್‌ಗೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಶ್ರಮ ಎಂಬ ಸಾಮಾನ್ಯ ಅಳತೆಯನ್ನು ಅವರು ಒಪ್ಪಿಕೊಂಡರು. ನಮ್ಮಲ್ಲಿ ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ಪಾಠ, ಅವರಲ್ಲಿ ಮನೆಯಲ್ಲಿ ಓದಿದ ಹೊತ್ತೂ ಅದರಲ್ಲಿ ಸೇರುತ್ತದೆ. ಹಾಗಾಗಿ ಸಂಖ್ಯೆಗೆ ಸಂಖ್ಯೆ ತಾಳೆ ನೋಡುತ್ತ ಕುಳಿತರೆ ಕಡತ ಎಂದೂ ಮುಂದೆ ಸಾಗದು. ಅಲ್ಲಿನ ಪೂರ್ಣ ಸೆಮಿಸ್ಟರಿಗೆ ಇಲ್ಲಿನ ಪೂರ್ಣ ಸೆಮಿಸ್ಟರ್ ಎಂದು ಹಿಡಿಯುವುದೇ ನ್ಯಾಯ. ಅಂಕಗಳ ಪರಿವರ್ತನೆಗೂ ದಾರಿಯಿದೆ. ನಮ್ಮ ಅಂಕಗಳನ್ನು ತಮ್ಮ ಮಾಪನಕ್ಕೆ ತಂದುಕೊಳ್ಳಲು ಜರ್ಮನಿಯ ವಿಶ್ವವಿದ್ಯಾಲಯಗಳು ಬವೇರಿಯನ್ ಸೂತ್ರವೆಂಬ ಸರಳ ಲೆಕ್ಕವನ್ನು ಬಳಸುತ್ತವೆ. ಅದನ್ನೇ ತಿರುಗಿಸಿ ನಾವೂ ಬಳಸಬಹುದು.

ನಿಯಮಗಳ ಬೆಂಬಲವೂ ಇಲ್ಲದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2021ರಲ್ಲಿ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಜಮಾ ಮಾಡಿಡುವ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಾವಳಿಯನ್ನೂ, 2022ರಲ್ಲಿ ಹೊರದೇಶದ ಸಂಸ್ಥೆಗಳ ಜೊತೆಗೂಡಿ ಪದವಿ ನೀಡುವ ನಿಯಮಾವಳಿಯನ್ನೂ ತಂದಿದೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಪದವಿಗೆ ಪರಿಗಣಿಸಬಹುದು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ, ಆದರೆ ಅದನ್ನು ಆಯಾ ಸಂಸ್ಥೆಯ ಅಗತ್ಯಕ್ಕೆ ಬಿಟ್ಟಿದೆ. ನಮ್ಮ ಮಕ್ಕಳು ಸಿಕ್ಕಿಬೀಳುತ್ತಿರುವುದು ಆ ಬಿಟ್ಟ ಜಾಗದಲ್ಲಿ. ಆ ನೀತಿಯ ಬಗ್ಗೆ ನಮ್ಮ ರಾಜ್ಯದ ನಿಲುವು ಬೇರೆಯಿರಬಹುದು. ಓದಿದ ಓದನ್ನು ಓದು ಎಂದು ಒಪ್ಪುವ ವಿಚಾರದಲ್ಲಿ ಯಾವ ಪಕ್ಷಕ್ಕೂ ತಕರಾರು ಇರಲಾರದೆಂದು ನಂಬಿದ್ದೇನೆ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇಷ್ಟು: ಹೊರಡುವ ಮೊದಲು ಸಹಿಯಾದ ಕಲಿಕಾ ಒಪ್ಪಂದವು ವಿದ್ಯಾರ್ಥಿ ತೇರ್ಗಡೆಯಾಗಿ ಬಂದ ದಿನ ತಾನಾಗಿಯೇ ಜಾರಿಗೆ ಬರಬೇಕು, ಮತ್ತೊಂದು ಮಂಡಳಿಯ ಒಪ್ಪಿಗೆಗೆ ಕಾಯುವಂತಿರಬಾರದು ಎಂದು ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಆದೇಶವನ್ನು ತಾವು ಹೊರಡಿಸಬೇಕು. ಹಾಜರಾತಿಯ ಮಾತೂ ಅದರಲ್ಲಿರಲಿ. ಜರ್ಮನಿಯ ಚಳಿಗಾಲದ ಸೆಮಿಸ್ಟರಿನ ಪಾಠಗಳು ಅಕ್ಟೋಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ ನಡೆದು, ಆಮೇಲೆ ಪರೀಕ್ಷೆಗಳಾಗುತ್ತವೆ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ, ಶೇ 75ರ ಹಾಜರಾತಿ ತುಂಬುವುದಿಲ್ಲ, ಓದಲೆಂದೇ ಹೋದವಳು ಗೈರಾದವಳೆಂದು ದಂಡ ಕಟ್ಟಬೇಕಾಗುತ್ತದೆ. ನಾನು ಕಟ್ಟಿದ್ದೇನೆ.

ಹಣದ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ವೀಸಾಕ್ಕಾಗಿ ಜರ್ಮನಿಯಲ್ಲಿ ತಂಗುವಷ್ಟು ತಿಂಗಳ ಖರ್ಚನ್ನು ಮೊದಲೇ ಒಂದು ತಡೆಹಿಡಿದ ಖಾತೆಯಲ್ಲಿ ಇಟ್ಟು ತೋರಿಸಬೇಕು. ನಾನು ಹೋದಾಗ ಅದು ತಿಂಗಳಿಗೆ 861 ಯೂರೊ ಇತ್ತು. ಆರು ತಿಂಗಳ ಮೊತ್ತಕ್ಕಾಗಿ ಅಮ್ಮನ ಒಡವೆ ಸಹಕಾರ ಸಂಘದಲ್ಲಿ ಅಡವಾಯಿತು, ಉಳಿದದ್ದನ್ನು ಚಿಕ್ಕಪ್ಪ ಕೊಟ್ಟರು. 2024ರ ಸೆಪ್ಟೆಂಬರ್‌ನಿಂದ ಅದು 992 ಯೂರೊ ಆಗಿದೆ, ಎಂದರೆ ಆರು ತಿಂಗಳಿಗೆ ಆರು ಲಕ್ಷ ರೂಪಾಯಿಯ ಆಸುಪಾಸು. ಗಮನಿಸಬೇಕಾದ ಸಂಗತಿಯೆಂದರೆ, ಈ ಹಣ ಶುಲ್ಕವಲ್ಲ, ಠೇವಣಿ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ವಿದ್ಯಾರ್ಥಿಯ ಕೈಗೇ ಬರುತ್ತದೆ, ಮಿತವಾಗಿ ಬದುಕಿದರೆ ಒಂದಿಷ್ಟು ಉಳಿಯುತ್ತದೆ. ಸರ್ಕಾರ ಇಷ್ಟನ್ನೂ ದಾನವಾಗಿ ಕೊಡಬೇಕಿಲ್ಲ. ಬಡ್ಡಿರಹಿತ ಮುಂಗಡವಾಗಿ ಕೊಟ್ಟರೂ ಸಾಕು. ಹೊರದೇಶದ ವ್ಯಾಸಂಗಕ್ಕೆ ಸರ್ಕಾರಗಳು ಕೊಡುವ ನೆರವು ಪೂರ್ಣ ಪದವಿಯನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ್ದು. ಆರು ತಿಂಗಳಿಗೆ ಹೋಗಿ ಬರುವವರಿಗೂ ಅದರಲ್ಲಿ ಒಂದು ಬಾಗಿಲು ತೆರೆಯಬೇಕು.

ಕೊನೆಯದಾಗಿ, ಹಾಸನಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದಿತು, 2025ರಲ್ಲಿ ಅಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಬಂತು. ಆ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಆದರೆ ಸಂಬಳಕ್ಕೇ ಪರದಾಡುವ ಸಣ್ಣ ವಿಶ್ವವಿದ್ಯಾಲಯವೊಂದು ಹೊರದೇಶದವರೊಡನೆ ಪತ್ರವ್ಯವಹಾರ ನಡೆಸುವ ಕಚೇರಿಯನ್ನು ತಾನೇ ಕಟ್ಟಿಕೊಳ್ಳಲಾರದು. ಎಲ್ಲರ ಪರವಾಗಿ ಒಡಂಬಡಿಕೆ ಮಾಡಿಕೊಳ್ಳುವ, ಪರಿವರ್ತನೆಯ ಕೋಷ್ಟಕ ಸಿದ್ಧಪಡಿಸುವ ಒಂದು ಕಚೇರಿಯನ್ನು ಉನ್ನತ ಶಿಕ್ಷಣ ಇಲಾಖೆಯೇ ಇಟ್ಟುಕೊಂಡರೆ, ಹಾಸನದ ಹೇಮಗಂಗೋತ್ರಿ ಆವರಣದ ವಿದ್ಯಾರ್ಥಿಗೂ ಬೆಂಗಳೂರಿನ ವಿದ್ಯಾರ್ಥಿಗೂ ಒಂದೇ ಬಾಗಿಲು ಸಿಗುತ್ತದೆ. ಒಂದು ಕಾಲಕ್ಕೆ ಪಾಸ್‌ಪೋರ್ಟಿಗಾಗಿ ನಮ್ಮ ಜಿಲ್ಲೆಯವರು ಬೆಂಗಳೂರಿಗೆ ಹೋಗಿ ಸರದಿ ನಿಲ್ಲುತ್ತಿದ್ದರು. ಈಗ ಹಾಸನದ ಅಂಚೆ ಕಚೇರಿಯಲ್ಲೇ ಆ ಕೆಲಸ ಆಗುತ್ತದೆ. ಹೊರದೇಶದ ಓದೂ ಹಾಗೆಯೇ ನಮ್ಮ ಜಿಲ್ಲೆಯವರಿಗೆ ಹತ್ತಿರವಾಗಬಹುದು.

ನನ್ನ ಕಲಿಕಾ ಒಪ್ಪಂದ, ಟ್ಯೂಬಿಂಗನ್ನಿನ ಅಂಕಪಟ್ಟಿ, ಆ ಒಂದು ಸಾಲಿನ ಹಿಂಬರಹ ಮೂರೂ ನನ್ನ ಬಳಿ ಭದ್ರವಾಗಿವೆ. ತಾವು ಕರೆದ ದಿನ ಅವುಗಳೊಂದಿಗೆ ವಿಧಾನಸೌಧಕ್ಕೆ ಬರಲು ಸಿದ್ಧಳಿದ್ದೇನೆ. ಆಲೂರಿನ ಹುಡುಗಿಗೆ ಮುಂದಿನ ವರ್ಷ ಮತ್ತೊಮ್ಮೆ ಅರ್ಜಿ ಹಾಕಲು ಅವಕಾಶವಿದೆ. ಅದರೊಳಗೆ ಆದೇಶವಾದರೆ ಅವಳಿಗೆ ನಾನೇ ಫೋನ್ ಮಾಡಿ ತಿಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕಿ
ಹಾಸನ