ಮೆಷಾನ್ ಮುಚ್ಚಿಟ್ಟ ಅಂಕಿ

ಚಿ. ಅನುಷಾಗೆ ದೊಡ್ಡಪ್ಪನ ಆಶೀರ್ವಾದಗಳು.

ಸರ್ವೆ ಪ್ರಾಕ್ಟಿಕಲ್‌ನಲ್ಲಿ ಎರಡು ರೀಡಿಂಗ್ ತಾಳೆಯಾಗಲಿಲ್ಲ, ಗೆಳತಿಯರು ‘ಸುಮ್ನೆ ಒಂದನ್ನು ತಿದ್ದಿಬಿಡು’ ಅಂದರು ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಕಾಗದ. ಬೈಯೋದಕ್ಕಲ್ಲ, ಹೆದರಬೇಡ. ನೀನು ದಿನಾ ಎಳೆಯುವ ಮೀಟರ್ ಟೇಪು ಹುಟ್ಟಿದ್ದೇ ಇಂಥ ಪೇಚಾಟದಲ್ಲಿ.

1789ರ ಕ್ರಾಂತಿಗೆ ಮೊದಲು ಫ್ರಾನ್ಸಿನಲ್ಲಿ ಊರಿಗೊಂದು ಅಳತೆ. ಹೆಸರು ಒಂದೇ, ಗಾತ್ರ ಬೇರೆ. ಜಮೀನ್ದಾರ ದೊಡ್ಡ ಅಳತೆಯಲ್ಲಿ ಕಾಳು ಅಳೆದುಕೊಂಡರೆ ರೈತ ಕೇಳುವಂತಿರಲಿಲ್ಲ. (ನಮ್ಮಲ್ಲೂ ಸೇರು ಎಲ್ಲ ಕಡೆ ಒಂದೇ ಇರಲಿಲ್ಲ ಬಿಡು. ಕಿಲೋ ಕಾಲಿಟ್ಟದ್ದು 1958ರಲ್ಲಿ.) ಎಲ್ಲರಿಗೂ ಸಲ್ಲುವ ಅಳತೆ ಬೇಕಲ್ಲ? 1791ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿ ಭೂಮಿಯನ್ನೇ ಹಿಡಿಯಿತು. ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಮೀಟರ್. ಮಿಕ್ಕಿದ್ದೆಲ್ಲ ಹತ್ತರ ಲೆಕ್ಕ. ಹತ್ತರ ಹುಚ್ಚು ಎಷ್ಟಿತ್ತೆಂದರೆ ದಿನಕ್ಕೂ ಹತ್ತೇ ಗಂಟೆ ಅಂತ ಕಾನೂನು ಮಾಡಿದರು. ಅದು ಬಾಳಲಿಲ್ಲ.

ಧ್ರುವಕ್ಕೆ ಹೋಗಿ ಅಳೆಯೋರು ಯಾರು? ಫ್ರಾನ್ಸಿನ ಉತ್ತರ ತುದಿಯ ಡನ್‌ಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾದವರೆಗೆ ಅಳೆದು ಉಳಿದದ್ದನ್ನು ಲೆಕ್ಕ ಹಾಕುವುದು ಅಂತಾಯಿತು. 1792ರಲ್ಲಿ ಇಬ್ಬರು ಫ್ರೆಂಚ್ ಖಗೋಳ ವಿಜ್ಞಾನಿಗಳು, ಡೆಲಾಂಬ್ರ್ ಉತ್ತರಕ್ಕೆ, ಮೆಷಾನ್ ದಕ್ಷಿಣಕ್ಕೆ ಹೊರಟರು. ಬೆಟ್ಟದಿಂದ ಗೋಪುರಕ್ಕೆ, ಗೋಪುರದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತಾ ಹೋಗೋದು, ನೀನು ಈಗ ಕಲಿಯುತ್ತಿರುವ ವಿದ್ಯೆಯೇ.

ಬಾರ್ಸಿಲೋನಾದ ಮೊಂಜುವಿಕ್ ಕೋಟೆಯಿಂದ ನಕ್ಷತ್ರ ನೋಡಿ ಮೆಷಾನ್ ಅಕ್ಷಾಂಶ ಗುರುತಿಸಿದ. ಅಷ್ಟರಲ್ಲಿ ಫ್ರಾನ್ಸ್‌ಗೂ ಸ್ಪೇನ್‌ಗೂ ಯುದ್ಧ ಹತ್ತಿಕೊಂಡಿತು. ಊರು ಬಿಡುವಂತಿಲ್ಲ. ಸುಮ್ಮನೆ ಕೂರಲಾರದೆ ಊರೊಳಗಿನ ವಸತಿಗೃಹದಿಂದ ಮತ್ತೆ ಅಳೆದ. ಎರಡು ಜಾಗಗಳ ನಡುವಿನ ದೂರವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಸುಮಾರು ಮೂರು ಸೆಕೆಂಡ್ ಕೋನದ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಸೆಕೆಂಡ್) ವ್ಯತ್ಯಾಸ ಬಂತು. ನೆಲದ ಮೇಲೆ ಅದು ನೂರು ಮೀಟರಿನ ಆಸುಪಾಸು!

ಆತ ಯಾರಿಗೂ ಹೇಳಲಿಲ್ಲ. 1799ರಲ್ಲಿ ಪ್ಲಾಟಿನಂ ಮೀಟರ್ ಪಟ್ಟಿ ತಯಾರಾಯಿತು, ಆತನಿಗೆ ಗೌರವವೂ ಸಿಕ್ಕಿತು. ಒಳಗೆ ಮಾತ್ರ ಕೊರಗು. ಮತ್ತೆ ಸ್ಪೇನಿಗೆ ಹೋದ, ಅಳೆಯುತ್ತಿರುವಾಗಲೇ 1804ರಲ್ಲಿ ಹಳದಿ ಜ್ವರಕ್ಕೆ ಬಲಿಯಾದ. ಅವನ ಹಾಳೆಗಳು ಡೆಲಾಂಬ್ರ್ ಕೈಗೆ ಬಂದಾಗ ಅಂಕಿಗಳನ್ನು ತಿದ್ದಿದ್ದು ಬಯಲಾಯಿತು. ಡೆಲಾಂಬ್ರ್ ಆ ಹಾಳೆಗಳನ್ನು ಹರಿದು ಹಾಕಲಿಲ್ಲ, ಕಾಪಾಡಿ ಇಟ್ಟ. ನನಗೆ ಇವರಿಬ್ಬರಲ್ಲಿ ದೊಡ್ಡವನು ಅನ್ನಿಸೋದು ಅವನೇ.

ವಿಚಿತ್ರ ನೋಡು, ಮೆಷಾನ್ ಕೆಲಸಗಳ್ಳ ಅಲ್ಲವೇ ಅಲ್ಲ. ಒಂದೇ ನಕ್ಷತ್ರವನ್ನು ರಾತ್ರಿಗಟ್ಟಲೆ ನೋಡಿದವನು. ಆಗಿನವರಿಗೆ ಉಪಕರಣದ ಸವೆತ, ಬೆಳಕು ಗಾಳಿಯಲ್ಲಿ ಬಾಗೋದು, ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ದಾರಿ ಇನ್ನೂ ಪಕ್ಕಾ ಆಗಿರಲಿಲ್ಲ. ಕೊನೆಗೆ ಮೀಟರ್ ಇರಬೇಕಾದ್ದಕ್ಕಿಂತ 0.2 ಮಿಲಿಮೀಟರಿನಷ್ಟು ಗಿಡ್ಡವಾದದ್ದಕ್ಕೂ ಮುಖ್ಯ ಕಾರಣ ಆತನ ತಪ್ಪಲ್ಲ, ಭೂಮಿಯ ಅಂಕುಡೊಂಕು ಆಕಾರ.

ಹಾಗಾಗಿ ಎರಡೂ ರೀಡಿಂಗ್ ಪೆನ್ನಿನಲ್ಲಿ ಬರಿ. ತಪ್ಪು ಅನ್ನಿಸಿದ್ದನ್ನು ಒಂದೇ ಗೆರೆಯಲ್ಲಿ ಹೊಡೆ, ಕೆಳಗಿನ ಅಂಕಿ ಕಾಣುತ್ತಿರಲಿ. ಯಾವ ಉಪಕರಣ, ಎಷ್ಟು ಹೊತ್ತಿಗೆ, ಬಿಸಿಲಿತ್ತಾ ಅಂತ ಪಕ್ಕದಲ್ಲೇ ಗುರುತು ಹಾಕು. ಟ್ರೈಪಾಡ್ ಕಾಲು ಸಡಿಲ ಇತ್ತಾ ಅಂತಲೂ ಒಮ್ಮೆ ನೋಡು. ಮಾರ್ಕು ಒಂದೆರಡು ಹೋದರೆ ಹೋಗಲಿ. ಮೇಡಂ ಏನಂದರು ಅಂತ ನನಗೂ ತಿಳಿಸು.

ನಿನ್ನ ದೊಡ್ಡಪ್ಪ