ಗುರುವಾರದ ಲ್ಯಾಬ್: ವಿಭವದ ನಕ್ಷೆ

ಎಲ್ಲರಿಗೂ ನಮಸ್ಕಾರ. ಗುರುವಾರ ವಿದ್ಯುತ್ ವಿಭವದ, ಅಂದರೆ ಒಂದೊಂದು ಜಾಗದ ವೋಲ್ಟೇಜಿನ, ಪ್ರಯೋಗ ಇದೆ. ಒಬ್ಬೊಬ್ಬರೂ ಎರಡು ಗ್ರಾಫ್ ಹಾಳೆ ತನ್ನಿ. ಸೂಪರ್ ಮಾರ್ಕೆಟ್ ಕಡೆಯಿಂದ ಬರುವವರು ನಾಲ್ಕು ಜಾಸ್ತಿ ತಂದರೆ ಒಳ್ಳೆಯದು, ಮರೆತು ಬರುವವರು ಇದ್ದೇ ಇರುತ್ತಾರೆ.

ಟ್ರೇಗೆ ನಲ್ಲಿ ನೀರೇ ಸಾಕು. ಡಿಸ್ಟಿಲ್ಡ್ ವಾಟರ್ ಬೇಡ, ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ನಮ್ಮ ಕಲಬುರಗಿಯ ಬೋರ್‌ವೆಲ್ ಗಡಸು ನೀರು ಟೀಗೆ ರುಚಿ ಇಲ್ಲ, ಇದಕ್ಕೆ ಮಾತ್ರ ಹೇಳಿ ಮಾಡಿಸಿದ್ದು! ಟ್ರೇ ಸಮವಾಗಿ ಕೂತಿದೆಯಾ ನೋಡಿ. ಒಂದು ಕಡೆ ನೀರು ಆಳವಾದರೆ ರೇಖೆಗಳು ಸುಮ್ನೆ ಓರೆಯಾಗುತ್ತವೆ.

ನೀರಿನಲ್ಲಿ ಪ್ಲಸ್, ಮೈನಸ್ ಅಂತ ಎರಡು ಲೋಹದ ಪಟ್ಟಿ ಇರುತ್ತವೆ. ವೋಲ್ಟ್‌ಮೀಟರಿನ ಕಪ್ಪು ವೈರು ಮೈನಸ್ ಪಟ್ಟಿಗೆ. ಕೆಂಪು ಪ್ರೋಬನ್ನು ನೀರಿನಲ್ಲಿ ನೆಟ್ಟಗೆ ಹಿಡಿದು ನಿಧಾನ ಸರಿಸಿ. 2 ವೋಲ್ಟ್ ಸಿಕ್ಕ ಜಾಗಗಳನ್ನೆಲ್ಲ ಗುರುತು ಹಾಕಿ, ಸೇರಿಸಿ. ಅದೇ ಸಮವಿಭವ ರೇಖೆ. ಆಮೇಲೆ 3, 4. ಪಟ್ಟಿಗಳ ನಡುವೆ ರೇಖೆಗಳು ಹೆಚ್ಚುಕಡಿಮೆ ನೇರ, ತುದಿಗಳಲ್ಲಿ ಬಾಗುತ್ತವೆ. ಹೋದ ಸಲ ಒಬ್ಬರು ಆ ಬಾಗನ್ನು ತಪ್ಪು ಅಂದುಕೊಂಡು ಸ್ಕೇಲ್ ಇಟ್ಟು ನೇರ ಮಾಡಿದ್ದರು. ದಯವಿಟ್ಟು ಬೇಡ, ನೋಡಬೇಕಾದ್ದೇ ಅದು.

1 ವೋಲ್ಟ್ ವ್ಯತ್ಯಾಸ 2 ಸೆಂ.ಮೀ.ನಲ್ಲಿ ಬಂದರೆ ಅಲ್ಲಿ ವಿದ್ಯುತ್ ಕ್ಷೇತ್ರ (ದೂರಕ್ಕೆ ತಕ್ಕಂತೆ ವೋಲ್ಟ್ ಬದಲಾಗುವ ದರ) ಮೀಟರಿಗೆ 50 ವೋಲ್ಟ್. ರೇಖೆಗಳು ಹತ್ತಿರ ಬಂದಷ್ಟೂ ಕ್ಷೇತ್ರ ಜೋರು. ಕ್ಷೇತ್ರದ ಬಾಣಗಳು ಈ ರೇಖೆಗಳಿಗೆ ಲಂಬವಾಗಿರಲಿ, ಜಾಸ್ತಿ ವೋಲ್ಟಿನಿಂದ ಕಡಿಮೆ ಕಡೆಗೆ.

ಕೊನೆಗೆ ನಡುವೆ ಲೋಹದ ಬಳೆ ಇಟ್ಟು ಅದರೊಳಗೆ ಅಳೆಯಿರಿ. ಎಲ್ಲಿ ಮುಟ್ಟಿದರೂ ಬಹುತೇಕ ಒಂದೇ ಓದು ಬರಬೇಕು. ಯಾಕೆ ಅಂತ ಯೋಚಿಸಿಕೊಂಡು ಬನ್ನಿ, ವೈವಾದಲ್ಲಿ ಕೇಳುತ್ತೇನೆ.